ಅಮ್ಮ ಹೂಂ ಅನ್ನಬೇಕಾದದ್ದು

ನಮ್ಮಮ್ಮನಿಗೆ ಒಂದು ಅಭ್ಯಾಸ. ಯಾರಾದರೂ ಒಂದು ಕೆಲಸ ಹೇಳಿದರೆ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಾಳೆ. ಕೆಲಸ ಆಯಿತೋ, ಗಂಟು ಬಿಚ್ಚುತ್ತಾಳೆ. ಸಣ್ಣ ಕೆಲಸಕ್ಕೆ ಸಣ್ಣ ಗಂಟು, ದೊಡ್ಡ ಕೆಲಸಕ್ಕೆ ದೊಡ್ಡ ಗಂಟು, ಮರೆತರೆ ಮಾನ ಹೋಗುವಂಥದ್ದಕ್ಕೆ ಗಂಟಿನ ಮೇಲೊಂದು ಗಂಟು. ನಾಟಕದ ಕಾಲ ಬಂತೆಂದರೆ ಸೆರಗು ಗಂಟಾಗಿ ಗಂಟಾಗಿ ಗಿಡ್ಡವಾಗಿ, ಹೆಗಲಿಗೇ ಎಟುಕುತ್ತಿರಲಿಲ್ಲ. ಒಮ್ಮೊಮ್ಮೆ ಒಂದು ಗಂಟನ್ನು ಬೆರಳಲ್ಲಿ ಹಿಡಿದು ಅಂಗಡಿಯ ನಡುವೆ ನಿಂತುಬಿಡುತ್ತಿದ್ದಳು.

“ಇದ್ಯಾವುದರ ಗಂಟೇ, ಇಂಪು?”

“ಗೊತ್ತಿಲ್ಲಮ್ಮ.”

“ನಿಂಗೆ ಯಾವುದು ಗೊತ್ತಿತ್ತು, ಇದು ಗೊತ್ತಿರಕ್ಕೆ!”

ಅಮ್ಮನ ಹೆಸರು ಚಿಕ್ಕತಾಯಮ್ಮ. ನಾಗಮಂಗಲದ ಕಡೆ ಯಾವ ಊರಿನವರು ಪೌರಾಣಿಕ ನಾಟಕ ಆಡಿದರೂ ಕಿರೀಟ, ಗದೆ, ಮೀಸೆ, ಸಿಂಹಾಸನ, ಪರದೆ ಎಲ್ಲವೂ ನಮ್ಮ ಅಂಗಡಿಯಿಂದಲೇ ಬಾಡಿಗೆಗೆ ಹೋಗಬೇಕು. ಅವಳಿಗೆ ಒಬ್ಬಳೇ ಮಗಳು. ಮಗಳು ಪೆದ್ದಿ. ಆ ಮಗಳು ನಾನು.

ಹುಟ್ಟಾ ಪೆದ್ದಿ ಅಲ್ಲ ಅಂತ ಅಮ್ಮ ನನ್ನ ಪರ ವಾದಿಸುತ್ತಾಳೆ. ಇಂಗ್ಲಿಷ್ ಸ್ಕೂಲಿಗೆ ಹಾಕಿದ ಮೇಲೆ ಹೀಗಾಯಿತಂತೆ. ಅಲ್ಲಿ ಪ್ರತಿ ವರ್ಷವೂ ನನ್ನ ಪ್ರೋಗ್ರೆಸ್ ಕಾರ್ಡಿನಲ್ಲಿ ‘ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾಳೆ’ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಅಮ್ಮ ಅದನ್ನು ಓದಿಸಿಕೊಂಡು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಟೀಚರು ಎಚ್ಚರಿಕೆ ಕೊಡುತ್ತಿದ್ದಾರೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಡಿಗ್ರಿ ಮುಗಿಸಿ ಮನೆಗೆ ಬಂದೆ. ಬಂದ ವಾರವೇ ಅಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದಳು.

“ಇಂಪು, ನಾನು ಮದುವೆಯಾಗಿ ಬಂದಾಗಿಂದ ನಾಟಕದ ಜೊತೆಗೇ ಇವ್ನಿ. ಒಂದು ನಾಟಕಾನೂ ನೋಡಿಲ್ಲ ಕಣೇ.”

“ದಿನಾ ನೋಡ್ತೀಯಲ್ಲಮ್ಮ?”

“ಹಿಂದಿನಿಂದ! ಕೃಷ್ಣನ ಬೆನ್ನು ಕಂಡಿವ್ನಿ, ಭೀಮನ ಬೆನ್ನು ಕಂಡಿವ್ನಿ. ದುರ್ಯೋಧನ ಅಳುವಾಗ ಜನ ಅಳ್ತಾರೆ, ನಂಗೆ ಕಾಣೋದು ಅವನ ಬೆನ್ನಿನ ಪಿನ್ನು. ಒಂದು ಸಲ, ಒಂದೇ ಒಂದು ಸಲ, ಮುಂದೆ ಕುರ್ಚಿ ಮೇಲೆ ಕೂತು ಪರದೆ ಏಳೋದ ನೋಡ್ಬೇಕು. ಹಿಂದಿನ ಕೆಲಸ ನೀನು ನೋಡ್ಕೊ. ಆಗುತ್ತಾ?”

ಅಮ್ಮ ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನು ನಾಚಿಕೆಯವಳು, ನಾಲ್ಕು ಜನರ ಮುಂದೆ ನಾಲಿಗೆ ಏಳುವುದಿಲ್ಲ. ಹಿಂದಿನ ಕೆಲಸವೆಂದರೆ ನನಗೇ ಹೊಲಿಸಿದ ಹಾಗಿತ್ತು. “ಆಗುತ್ತಮ್ಮ. ಕಾಲೇಜಲ್ಲಿ ಕಲಿತಿದ್ದೀನಿ” ಎಂದೆ. ಫೋನು ತೆಗೆದು ಆ್ಯಪ್ ತೋರಿಸಿದೆ. ಒಂದು ಹಲಗೆ. ಹಲಗೆಯ ಮೇಲೆ ಸಾಲು: ಮಾಡಬೇಕಾದದ್ದು, ಮಾಡುತ್ತಿರುವುದು, ಮುಗಿದದ್ದು. ಒಂದೊಂದು ಕೆಲಸಕ್ಕೂ ಒಂದೊಂದು ಕಾರ್ಡು. ಬೆರಳಲ್ಲಿ ತಳ್ಳಿದರೆ ಕಾರ್ಡು ಈ ಸಾಲಿನಿಂದ ಆ ಸಾಲಿಗೆ.

ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ಇಸ್ಪೀಟಾ?”

“ಅಲ್ಲಮ್ಮ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್.”

“ಇಸ್ಪೀಟಾದ್ರೆ ನಂಗೂ ಬತ್ತಿತ್ತು. ಸರಿ, ನನ್ನ ಗಂಟುಗಳನ್ನೆಲ್ಲ ಅದರೊಳಗೆ ಹಾಕು. ನೋಡು, ಒಂದೇ ಥರದ್ದು ಒಂದೇ ಕಡೆ ಇರಬೇಕು. ಕಲಸುಮೇಲೋಗರ ಮಾಡಬೇಡ.”

“ಒಂದೇ ಥರದ್ದು ಒಂದೇ ಕಡೆ. ಸರಿಯಮ್ಮ.”

ಅಮ್ಮ ಹೇಳಿದ ಮೇಲೆ ಆಯಿತು.

ಆ ಭಾನುವಾರ ಎರಡು ಊರಿನವರ ನಾಟಕ. ನಾನು ಕೂತು ವಿಂಗಡಿಸಿದೆ. ಕಿರೀಟಗಳದೊಂದು ಸಾಲು. ಮೀಸೆಗಳದೊಂದು ಸಾಲು. ಗದೆಗಳು, ಬಿಲ್ಲುಗಳು, ಭುಜಕೀರ್ತಿಗಳು, ಒಂದೊಂದಕ್ಕೂ ಒಂದೊಂದು ಬಣ್ಣ. ಎಷ್ಟು ಚಂದ ಕಾಣುತ್ತಿತ್ತೆಂದರೆ ನಾನು ಅದರ ಫೋಟೋ ಹೊಡೆದುಕೊಂಡೆ. ಹಲಗೆಯ ಮೇಲಿದ್ದ ಹಾಗೇ ಟ್ರಂಕುಗಳಿಗೂ ತುಂಬಿದೆ. ಟೆಂಪೋ ಓಡಿಸುವ ಕೆಂಪರಾಜಣ್ಣ ಅರ್ಧ ಟ್ರಂಕುಗಳನ್ನು ಈ ಊರಿಗೆ, ಇನ್ನರ್ಧವನ್ನು ಆ ಊರಿಗೆ ಇಳಿಸಿ ಬಂದ.

ಅಮ್ಮ ಒಂದು ಊರಿನಲ್ಲಿ ಕುರ್ಚಿ ಹಾಕಿಸಿಕೊಂಡು ಮುಂದೆ ಕೂತಳು. ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಕೂಗು.

“ತಾಯವ್ವಾ! ಇಲ್ಲಿ ಬರೀ ಕಿರೀಟ ಐತೆ! ಊರಿಗೆಲ್ಲ ಹಂಚಿದ್ರೂ ಮಿಕ್ಕುತ್ತೆ! ಒಂದು ಮೀಸೆ ಇಲ್ಲ!”

ಇನ್ನೊಂದು ಊರಿನಿಂದ ಫೋನು. “ತಾಯವ್ವಾ! ಇಲ್ಲಿ ಮೀಸೆಯೋ ಮೀಸೆ! ದ್ರೌಪದಿಗೂ ಒಂದು ಮೀಸೆ ಬತ್ತದೆ! ತಲೆಗೆ ಏನ್ ಇಟ್ಕಳಾನ, ಟವಲ್ಲಾ?”

ಅಮ್ಮ ಕುರ್ಚಿ ಬಿಟ್ಟು ಎದ್ದಳು. ಕೆಂಪರಾಜಣ್ಣನ ಟೆಂಪೋ ಆ ಊರಿಗೂ ಈ ಊರಿಗೂ ಮಗ್ಗದ ಲಾಳಿಯ ಹಾಗೆ ಓಡಾಡಿತು. ಎಲ್ಲ ಮುಗಿದ ಮೇಲೆ ನನ್ನನ್ನು ಹಿಡಿದುಕೊಂಡಳು.

“ಏನೇ ಇದು? ಏನ್ ಮಾಡಿದ್ದೀಯಾ?”

“ಒಂದೇ ಥರದ್ದು ಒಂದೇ ಕಡೆ ಇಡು ಅಂದೆಯಲ್ಲಮ್ಮ.”

“ಅಯ್ಯೋ ನನ್ನ ಮಗಳೇ! ಮೀಸೆ ತನ್ನಷ್ಟಕ್ಕೆ ನಾಟಕ ಆಡುತ್ತೇನೇ? ಪಾತ್ರ ನೋಡಬೇಕು, ಪಾತ್ರ! ಒಂದು ಪಾತ್ರಕ್ಕೆ ಒಂದು ಕಾರ್ಡು. ಕಿರೀಟದಿಂದ ಗೆಜ್ಜೆವರೆಗೂ ಎಲ್ಲ ಅದರೊಳಗೇ ಇರಬೇಕು. ತಿಳೀತಾ?”

“ಒಂದು ಪಾತ್ರಕ್ಕೆ ಒಂದು ಕಾರ್ಡು. ತಿಳೀತಮ್ಮ.”

ಅಮ್ಮ ಹೇಳಿದ ಮೇಲೆ ಆಯಿತು.

ಮುಂದಿನ ನಾಟಕ ಶಿವನಂಜಪ್ಪ ಮೇಷ್ಟ್ರದು. ಮೇಷ್ಟ್ರೆಂದರೆ ಶಾಲೆಯ ಮೇಷ್ಟ್ರಲ್ಲ, ಹಾರ್ಮೋನಿಯಂ ಮೇಷ್ಟ್ರು. ಊರೂರಿಗೆ ಹೋಗಿ ಹೊಲ ಗೇಯುವವರಿಗೆ, ಹಾಲು ಕರೆಯುವವರಿಗೆ, ಪಂಚಾಯ್ತಿ ಮೆಂಬರುಗಳಿಗೆ ಹಾಡು, ಮಾತು ಕಲಿಸಿ ರಂಗಕ್ಕೆ ಹತ್ತಿಸುವವರು. ಅವರು ಕೈ ತೋರಿಸಿದ ಅಂಗಡಿಯಿಂದಲೇ ಊರಿನವರು ಸಾಮಾನು ತರಿಸುತ್ತಾರೆ. ಅವರು ನಮ್ಮ ಕಡೆಗೆ ಕೈ ತೋರಿಸುವುದು ನಿಲ್ಲಿಸಿದರೆ ಅಂಗಡಿಗೆ ಬೀಗ.

ಪಾತ್ರಗಳನ್ನು ಹಲಗೆಗೆ ಹಾಕುತ್ತಾ ಕೂತೆ. ಧೃತರಾಷ್ಟ್ರ ಒಂದು ಕಾರ್ಡು, ಭೀಮ ಒಂದು ಕಾರ್ಡು, ಕೃಷ್ಣ ಒಂದು ಕಾರ್ಡು. ಮೇಷ್ಟ್ರು ಹೇಳಿ ಕಳಿಸಿದ್ದರಲ್ಲಿ ಮುಂದೆ ಇನ್ನೊಂದು ಕೃಷ್ಣ ಬಂತು. ಅದರ ಮುಂದೆ ಮತ್ತೊಂದು. ಮೇಷ್ಟ್ರಿಗೆ ವಯಸ್ಸಾಯಿತು ಪಾಪ, ಹೇಳಿದ್ದನ್ನೇ ಹೇಳುತ್ತಾರೆ ಅಂದುಕೊಂಡೆ. ಆ್ಯಪ್ ಕೂಡ ನನ್ನ ಪರವೇ ಇತ್ತು. ‘ಈ ಕಾರ್ಡುಗಳು ಒಂದೇ ಥರ ಇವೆ, ಸೇರಿಸಲೇ?’ ಎಂದು ಕೇಳಿತು. ಸೇರಿಸು ಎಂದೆ. ಮೂರು ಕೃಷ್ಣ ಒಂದಾಯಿತು. ಒಂದು ಕಿರೀಟ, ಒಂದು ನವಿಲುಗರಿ, ಒಂದು ಕೊಳಲು, ಒಂದು ಪೀತಾಂಬರ.

ತಾಲ್ಲೂಕಿನ ರಂಗಮಂದಿರ. ಹಗಲು ನಾಟಕ. ಅಮ್ಮ ಮುಂದೆ ಕೂತಳು. ನಾನು ಒಳಗೆ ಬಂದು ನೋಡುತ್ತೇನೆ, ಬಣ್ಣದ ಕೋಣೆಯಲ್ಲಿ ನೀಲಿ ಮುಖದವರು ಮೂವರು ನಿಂತಿದ್ದಾರೆ. ಒಬ್ಬರು ಅಕ್ಕಿ ಗಿರಣಿಯವರು, ಬಾಗಿಲಷ್ಟು ಅಗಲ. ಒಬ್ಬರು ಪೋಸ್ಟಾಫೀಸಿನವರು, ಬಾಗಿಲಷ್ಟು ಎತ್ತರ. ಇನ್ನೊಬ್ಬರು ನಡುವಿನವರು. ಮೂವರೂ ಒಂದೇ ಕಿರೀಟವನ್ನು ಹಿಡಿದುಕೊಂಡಿದ್ದಾರೆ.

“ಮೊದಲ ಕೃಷ್ಣ ನಾನು!”

“ಸಂಧಾನದ ಕೃಷ್ಣ ನಾನು! ನೆಂಟರೆಲ್ಲ ನನ್ನ ನೋಡಕ್ಕೇ ಬಂದವ್ರೆ!”

“ಗೀತೆ ಹೇಳೋನು ನಾನು ಕಣ್ರಯ್ಯ, ಗರಿ ಬಿಡಿ!”

ಗರಿ ಬಿಡಲಿಲ್ಲ. ಗರಿ ಮುರಿಯಿತು. ಹಾರ್ಮೋನಿಯಂ ನಿಂತಿತು. ಮೇಷ್ಟ್ರು ಒಳಗೆ ಬಂದರು. ಅವರ ಹಿಂದೆ, ಕುರ್ಚಿ ಬಿಟ್ಟು, ಅಮ್ಮ.

“ಇಂಪೂ! ಇನ್ನಿಬ್ಬರ ಸಾಮಾನೆಲ್ಲೇ?”

“ಕೃಷ್ಣ ಒಬ್ಬನೇ ಅಲ್ವಾಮ್ಮ?”

“ದ್ವಾರಕೇಲಿ ಒಬ್ಬನೇ! ನಮ್ಮ ಸೀಮೇಲಿ ಮೂವರು! ಎಲ್ರಿಗೂ ಕೃಷ್ಣ ಆಗೋ ಆಸೆ ಇದ್ರೆ ಮೇಷ್ಟ್ರು ಏನ್ ಮಾಡ್ತಾರೆ? ಹಂಚ್ತಾರೆ!”

ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ತಾಯವ್ವ, ಮಗಳು ಎಲ್ಲೀವರೆಗೆ ಓದವಳೆ?”

“ಬಿಬಿಎ ಮೇಷ್ಟ್ರೇ.”

“ಅಷ್ಟಕ್ಕೇ ನಿಲ್ಲಿಸಿದ್ದು ಒಳ್ಳೇದಾಯ್ತು.”

ಅವರು ಹೋದ ಮೇಲೆ ಅಮ್ಮ ತಲೆ ಚಚ್ಚಿಕೊಂಡಳು. ಅವಳ ತಲೆ, ನನ್ನದಲ್ಲ, ಅಷ್ಟು ಒಳ್ಳೆಯವಳು. “ಪಾತ್ರದ ಹೆಸರು ನೋಡಬೇಡ ಕಣೇ, ಆಳು ನೋಡು! ಯಾವ ಆಳಿಗೆ ಯಾವ ಸಾಮಾನೋ ಆ ಆಳಿಗೇ ಅದು ಸೇರಬೇಕು. ಅವನ ಹೆಸರಿಗೆ ಹಾಕು!”

“ಆಳಿನ ಹೆಸರಿಗೆ. ಅವನಿಗೇ ಸೇರಬೇಕು. ಸರಿಯಮ್ಮ.”

ಅಮ್ಮ ಹೇಳಿದ ಮೇಲೆ ಆಯಿತು.

ಈ ಸಲ ಆಳಿಗೊಂದು ಸಾಲು ಮಾಡಿದೆ. ಸಾಲಿನ ನೆತ್ತಿಯ ಮೇಲೆ ಹೆಸರು, ಹೆಸರಿನ ಕೆಳಗೆ ವಿಳಾಸ. ವಿಳಾಸ ಹಾಕು ಎಂದು ಅಮ್ಮ ಹೇಳಿರಲಿಲ್ಲ; ಆದರೆ ಆ್ಯಪಿನಲ್ಲಿ ಅದಕ್ಕೊಂದು ಖಾಲಿ ಜಾಗವಿತ್ತು, ಖಾಲಿ ಜಾಗ ತುಂಬದೆ ಬಿಟ್ಟವಳಲ್ಲ ನಾನು. ಕೆಂಪರಾಜಣ್ಣನಿಗೆ ಫೋನಿನಲ್ಲಿ ಕಳಿಸಿದೆ. ಅವನೂ ಬೆಳಿಗ್ಗೆಯೇ ಹೊರಟ. ಪಾಪ, ಒಂದೊಂದು ಮನೆ ಹುಡುಕಿ ಹುಡುಕಿ ತಲುಪಿಸಿದ.

ಭೀಮ ಡೇರಿಯ ಸೆಕ್ರೆಟರಿ. ಅವನ ಗದೆ ಡೇರಿಯ ಕ್ಯಾನುಗಳ ನಡುವೆ ಕೂತಿತು. ದುರ್ಯೋಧನನ ಕಿರೀಟ ಅವನ ಹೆಂಡತಿಯ ಕೈಗೆ ಸಿಕ್ಕಿತು. ಆಕೆ ಬೀರುವಿನಲ್ಲಿಟ್ಟು ಬೀಗ ಹಾಕಿ ತವರಿಗೆ ಹೋದಳು. ಅರ್ಜುನನ ಬಿಲ್ಲು ಅವನ ಎಮ್ಮೆ ಕೊಟ್ಟಿಗೆಯಲ್ಲಿ. ಸಾಮಾನೆಲ್ಲ ಊರಿನಲ್ಲಿ, ಆಳುಗಳೆಲ್ಲ ರಂಗಮಂದಿರದಲ್ಲಿ, ಪಂಚೆ ಬನಿಯನ್ನಿನಲ್ಲಿ, ಮುಖಕ್ಕೆ ಬಣ್ಣ ಬಳಿದುಕೊಂಡು.

ಅವತ್ತು ಅಮ್ಮ ಕುರ್ಚಿಯವರೆಗೂ ಹೋಗಲೇ ಇಲ್ಲ.

“ಅವರ ಮನೆಗೆ ಯಾಕೆ ಕಳಿಸಿದೆಯೇ!”

“ಆಳಿಗೇ ಸೇರಬೇಕು ಅಂದೆಯಲ್ಲಮ್ಮ.”

“ಕೆಂಪ್ರಾಜಾ! ಇವಳು ಹೇಳಿದ್ರೆ ನೀನೂ ತಗೊಂಡೋಗಿ ಕೊಡ್ತೀಯಾ? ನಿನ್ನ ಬುದ್ಧಿ ಎಲ್ಲೋಗಿತ್ತು?”

“ಫೋನಲ್ಲಿ ಬಂದಿತ್ತು ತಾಯಕ್ಕ” ಎಂದ ಕೆಂಪರಾಜಣ್ಣ. ಫೋನಲ್ಲಿ ಬಂದದ್ದರ ಮೇಲೆ ಅವನಿಗೂ ನನ್ನಷ್ಟೇ ಭಕ್ತಿ.

ಅಮ್ಮ ಮೆಟ್ಟಿಲ ಮೇಲೆ ಕುಸಿದಳು. ನಾನು ಫೋನು ಹಿಡಿದುಕೊಂಡು ಎದುರು ನಿಂತೆ. ಏನು ಹೇಳುತ್ತಾಳೋ ಹಾಕಿಕೊಳ್ಳೋಣವೆಂದು.

“ನೋಡು. ಎಲ್ಲಿ ಇರ್ತಾರೆ ಅನ್ನೋದಲ್ಲ, ಯಾವಾಗ ಬೇಕು ಅನ್ನೋದು ನೋಡು. ಮೊದಲು ಬೇಕಾದ್ದು ಮೇಲೆ, ಆಮೇಲೆ ಬೇಕಾದ್ದು ಕೆಳಗೆ. ಒಂದು ಸೀನು ಮುಗೀತು ಅಂದ್ರೆ ಅದರ ಸಾಮಾನು ತಕ್ಷಣ ಎತ್ತಿ ಮುಗಿದದ್ದರ ಕಡೆ ಹಾಕು. ಒಂದು ಗಳಿಗೆ ಬಿಡಬೇಡ. ಬಿಟ್ಟರೆ ಯಾರಾದ್ರೂ ತುಳೀತಾರೆ.”

“ಸೀನು ಮುಗಿದ ತಕ್ಷಣ ಎತ್ತಬೇಕು. ಒಂದು ಗಳಿಗೆ ಬಿಡಬಾರದು.”

ಅಮ್ಮ ಹೇಳಿದ ಮೇಲೆ ಆಯಿತು.

ಆ ಸಲದ ನಾಟಕ ಎಷ್ಟು ಚೆನ್ನಾಗಿ ಶುರುವಾಯಿತು ಅಂತೀರಿ! ಪರದೆ ಎತ್ತುವ ಹೊತ್ತಿಗೆ ಅಮ್ಮ ಕೃಷ್ಣರಿಗೆ ಪಿನ್ನು ಹಾಕುತ್ತಾ ಒಳಗೇ ಇದ್ದಳು, ಅದೊಂದು ತಪ್ಪಿತು. ಆದರೆ ಮೊದಲ ಹಾಡು ಮುಗಿಯುವಷ್ಟರಲ್ಲಿ ಹೋಗಿ ಕುರ್ಚಿ ಹಿಡಿದಳು. ಪರದೆಗೊಂದು ತೂತಿರುತ್ತದೆ, ಜನ ಎಷ್ಟು ಸೇರಿದ್ದಾರೆ ಎಂದು ಒಳಗಿನಿಂದ ನೋಡಲು. ಬದಿಯ ಪರದೆಯ ತೂತಿನಿಂದ ನೋಡಿದೆ. ಅಮ್ಮ ಬಾಯಿ ತೆರೆದು ಕೂತಿದ್ದಳು. ಧೃತರಾಷ್ಟ್ರನ ಆಸ್ಥಾನ. ಧೃತರಾಷ್ಟ್ರ ಸಿಂಹಾಸನದಿಂದ ಎದ್ದ, ಮಕ್ಕಳಿಗಾಗಿ ಕೊರಗಿ ಒಂದು ಹಾಡು ಹೇಳಿದ, ಹಾಡು ಮುಗಿಯಿತು, ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಬಿತ್ತೆಂದರೆ ಸೀನು ಮುಗಿಯಿತು. ನಾನು ಕಾರ್ಡನ್ನು ತಳ್ಳಿದೆ: ಸಿಂಹಾಸನ, ಮುಗಿದದ್ದು. “ಕೆಂಪರಾಜಣ್ಣ, ಎತ್ತು!” ಇಬ್ಬರೂ ಹಿಂದಿನಿಂದ ಬಗ್ಗಿಕೊಂಡು ಹೋಗಿ, ಒಂದು ಗಳಿಗೆಯೂ ಬಿಡದೆ, ಸಿಂಹಾಸನ ಎತ್ತಿಕೊಂಡು ಬಂದೆವು.

ಚಪ್ಪಾಳೆ ಬಿದ್ದದ್ದು ಹಾಡಿಗೆ. ಸೀನು ಇನ್ನೂ ಇತ್ತು. ಧೃತರಾಷ್ಟ್ರನ ಪಾತ್ರ ಮಾಡಿದವರು ಗೊಬ್ಬರದ ಅಂಗಡಿ ಯಜಮಾನರು, ನಿಷ್ಠೆಯ ಮನುಷ್ಯ. ಕುರುಡನೆಂದರೆ ಕುರುಡ, ರಂಗಕ್ಕೆ ಬಂದ ಮೇಲೆ ಕಣ್ಣು ತೆರೆಯುತ್ತಿರಲಿಲ್ಲ. “ಅಯ್ಯೋ ವಿಧಿಯೇ!” ಎಂದು ಕೂತರು.

ಎಲ್ಲಿ ಕೂರುತ್ತಾರೆ?

ರಂಗಮಂದಿರವೆಲ್ಲ ಶಿಳ್ಳೆ. ಕಿರೀಟ ಉರುಳಿಕೊಂಡು ಹೋಗಿ ಹಾರ್ಮೋನಿಯಂಗೆ ಬಡಿಯಿತು. ಏನು ಮಾಡಲಿ? ಇಡಲೋ, ಬಿಡಲೋ? ನಾಚಿಕೆಯೂ ಮರೆತುಹೋಗಿ, ರಂಗದ ಮಧ್ಯಕ್ಕೇ ಬಂದು, ಬಿದ್ದ ಮಹಾರಾಜರನ್ನು ದಾಟಿಕೊಂಡು ಅಂಚಿಗೆ ನಿಂತು ಕೇಳಿದೆ:

“ಅಮ್ಮಾ! ಇದು ಮುಗಿದಿತ್ತೋ, ಮಾಡುತ್ತಿರುವುದೋ?”

ಈಗಲೂ ಆ ಕಡೆಯ ಊರುಗಳಲ್ಲಿ ಯಾರಾದರೂ ಬಿದ್ದರೆ ಜನ ಇದನ್ನೇ ಕೇಳುತ್ತಾರಂತೆ.

ಅವತ್ತು ಮೇಷ್ಟ್ರು ಕೂಗಾಡಲಿಲ್ಲ. ಶಾಲು ಹೊದ್ದುಕೊಂಡು ಮೆತ್ತಗೆ ಹೇಳಿದರು. “ತಾಯವ್ವ, ನಿನ್ನ ಮಾವನ ಕಾಲದಿಂದ ನಿಮ್ಮ ಪರದೆ ಕೆಳಗೇ ಬಾಜಾ ಬಾರಿಸಿವ್ನಿ. ಇನ್ನೊಂದು ನಾಟಕ ನೋಡ್ತೀನಿ. ಅದರಲ್ಲೂ ಹಿಂಗೇ ಆದ್ರೆ ಬೇರೆ ಅಂಗಡಿ ನೋಡ್ಕತೀನಿ. ತಪ್ಪು ತಿಳೀಬೇಡ.”

ಮೂವರೂ ಮನೆಗೆ ಬಂದೆವು. ಬಾಗಿಲು ಹಾಕಿದ ಮೇಲೆ ಅಮ್ಮ ಶುರುಮಾಡಿದಳು.

“ಇನ್ಮೇಲೆ ನನ್ನ ಕೇಳದೆ ಒಂದು ಕಡ್ಡೀನೂ ಎತ್ತಬೇಡ!”

“ಸರಿಯಮ್ಮ.”

“ಜನದ ಮುಂದೆ ಬಂದು ಮುಖ ತೋರಿಸಿದ್ರೆ ಕಾಲು ಮುರೀತೀನಿ! ಬಾಯಿ ಬಿಟ್ಟು ಕೂಗಬೇಡ! ಏನಿದ್ರೂ ಆ ಫೋನಲ್ಲೇ ಕೇಳು!”

“ಸರಿಯಮ್ಮ.”

“ನಾನು ಹೂಂ ಅಂದ ಮೇಲೇ ಮುಂದಿನದು!”

“ಸರಿಯಮ್ಮ.”

“ಕೆಂಪ್ರಾಜ, ನೀನೂ ಕೇಳಿಸ್ಕೊ. ಇವಳು ನನ್ನ ಹೂಂ ತಂದು ಕೊಡೋವರ್ಗೂ ನೀನು ಹಗ್ಗ ಮುಟ್ಟಬಾರದು!”

“ಆಗ್ಲಿ ತಾಯಕ್ಕ.”

ಹಲಗೆಗೆ ಹೊಸದೊಂದು ಸಾಲು ಸೇರಿಸಿದೆ. ಅದಕ್ಕೆ ಹೆಸರಿಟ್ಟೆ: ಅಮ್ಮ ಹೂಂ ಅನ್ನಬೇಕಾದದ್ದು. ಅಮ್ಮನ ಫೋನಿಗೂ ಆ್ಯಪ್ ಹಾಕಿಕೊಟ್ಟು ಒತ್ತುವುದು ಹೇಳಿಕೊಟ್ಟೆ. ಈ ಕಡೆ ಕಾರ್ಡು ಹಾಕಿದರೆ ಆ ಕಡೆ ‘ಟಿಂಗ್’. ಅಮ್ಮ ಹೂಂ ಒತ್ತಿದರೆ ಈ ಕಡೆ ಹಸಿರು. ಅದೊಂದು ವಾರ ಮನೆಯಲ್ಲಿ ಎಂಥ ನೆಮ್ಮದಿ! ಪೆಟಾರಿ ತೆಗೆಯಲಾ? ಹೂಂ. ಮೂವರು ಕೃಷ್ಣರಿಗೂ ಮೂರು ಗರಿ ಇಡಲಾ? ಹೂಂ. ಮೀಸೆ ಎಣಿಸಲಾ? ಹೂಂ. ಅನ್ನಕ್ಕೆ ಇಡಲಾ? ಪಕ್ಕದ ಕೋಣೆಯಿಂದ ಒಂದು ಚೊಂಬು ಹಾರಿ ಬಂತು. ಹಿಂದೆಯೇ ಹೂಂ ಕೂಡ ಬಂತು.

ನಾಟಕದ ದಿನ ಬಂತು. ಅದೇ ರಂಗಮಂದಿರ. ಎಲ್ಲವೂ ಸರಿಯಾಗಿತ್ತು. ನಾನು ಹೇಳುತ್ತಿರುವುದು ನಿಜ, ಎಲ್ಲವೂ ಸರಿಯಾಗಿತ್ತು. ಮೀಸೆಗಳು ಮೂಗಿನ ಕೆಳಗೆ, ಗದೆ ಭೀಮನ ಹೆಗಲ ಮೇಲೆ, ಗಿರಣಿ ಕೃಷ್ಣನಿಗೆ ಗಿರಣಿಯ ಅಳತೆಯ ಪೀತಾಂಬರ. ಸಿಂಹಾಸನದ ಕಾಲುಗಳನ್ನು ಕೆಂಪರಾಜಣ್ಣ ರಂಗಕ್ಕೇ ಮೊಳೆ ಹೊಡೆದು ಕೂರಿಸಿದ್ದ. ಧೃತರಾಷ್ಟ್ರರು ಬಂದು ಅಲ್ಲಾಡಿಸಿ ನೋಡಿ, ನನ್ನ ಕಡೆ ನೋಡಿ, ಇನ್ನೊಮ್ಮೆ ಅಲ್ಲಾಡಿಸಿ ಹೋದರು.

ಅಮ್ಮ ಹೊಸ ಸೀರೆ ಉಟ್ಟಿದ್ದಳು. ಸೆರಗು ಉದ್ದಕ್ಕೆ, ನೆಟ್ಟಗೆ ಇಳಿದಿತ್ತು. ಒಂದು ಗಂಟೂ ಇಲ್ಲ. ಅಷ್ಟು ಉದ್ದದ ಸೆರಗು ಅವಳಿಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಬಣ್ಣದ ಕೋಣೆಯನ್ನೆಲ್ಲ ಒಂದು ಸುತ್ತು ನೋಡಿದಳು. ನನ್ನ ಕೆನ್ನೆ ಮುಟ್ಟಿದಳು.

“ಚೆನ್ನಾಗಿ ಮಾಡಿದ್ದೀಯ ಕಣೇ.”

ಆ ಮಾತನ್ನು ಎಲ್ಲಿ ಹಾಕಲೆಂದು ಹಲಗೆ ತೆರೆದು ನೋಡಿದೆ. ಅದಕ್ಕೆ ಯಾವ ಸಾಲೂ ಇರಲಿಲ್ಲ.

“ನಾನು ಹೋಗಿ ಕೂತ್ಕೋತೀನಿ. ಇವತ್ತು ರಂಗ ಕುಸಿದರೂ ಕುರ್ಚಿ ಬಿಟ್ಟು ಏಳಲ್ಲ.” ಹೊರಟವಳು ತಿರುಗಿ ಬಂದಳು. “ತಗೋ, ಈ ಫೋನು ನೀನೇ ಇಟ್ಕೋ. ಟಿಂಗ್ ಟಿಂಗ್ ಅಂದ್ಕೊಂಡು, ನೋಡಕ್ಕೆ ಬಿಡಲ್ಲ.”

ಇಟ್ಟುಕೊಂಡೆ. ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಗಂಟೆ ಹೊಡೆಯಿತು. ಪರದೆಯ ಹಿಂದೆ ಪಾತ್ರಗಳೆಲ್ಲ ಕೈಮುಗಿದು ಸಾಲಾಗಿ ನಿಂತವು. ಆಚೆ ಮೇಷ್ಟ್ರು ಪ್ರಾರ್ಥನೆಯ ಹಾಡು ಎತ್ತಿಕೊಂಡರು. ಹಾಡಿನ ಮೊದಲ ಸಾಲು ಮುಗಿಯುವಾಗ ಪರದೆ ಏಳಬೇಕು. ಮೊದಲ ಸಾಲು ಮುಗಿಯಿತು.

ಕೆಂಪರಾಜಣ್ಣ ಹಗ್ಗದ ಹತ್ತಿರ ಕೈ ಕಟ್ಟಿಕೊಂಡು ನಿಂತಿದ್ದ. “ಇಂಪವ್ವ, ತಾಯಕ್ಕನ ಹೂಂ ಬಂತಾ?”

“ಕೇಳ್ತೀನಿ ಇರು.”

ಕಾರ್ಡು ಬರೆದೆ: ಪರದೆ ಎತ್ತುವುದು. ಸಾಲಿಗೆ ತಳ್ಳಿದೆ: ಅಮ್ಮ ಹೂಂ ಅನ್ನಬೇಕಾದದ್ದು.

ನನ್ನ ಸೊಂಟದಲ್ಲಿ ‘ಟಿಂಗ್’ ಎಂದಿತು.

ಸದ್ಯ, ತಲುಪಿತು ಎಂದುಕೊಂಡೆ. ಕಾದೆ.

ಮೇಷ್ಟ್ರು ಪ್ರಾರ್ಥನೆಯನ್ನು ಮತ್ತೆ ಮೊದಲಿನಿಂದ ಹಿಡಿದರು. ಈ ಸಲ ಸ್ವಲ್ಪ ಜೋರಾಗಿ. ಗಿರಣಿ ಕೃಷ್ಣ ಹಲ್ಲು ಕಚ್ಚಿ, “ಎತ್ರಯ್ಯಾ! ಬಣ್ಣ ಇಳೀತಾ ಐತೆ!” ಎಂದ.

“ತಾಯಕ್ಕನ ಹೂಂ ಇಲ್ದೆ ಕಡ್ಡೀನೂ ಎತ್ತಂಗಿಲ್ಲ” ಎಂದ ಕೆಂಪರಾಜಣ್ಣ. “ಫೋನಲ್ಲಿ ಕೇಳವ್ರೆ. ಬತ್ತದೆ.”

ಪರದೆಯ ತೂತಿಗೆ ಕಣ್ಣಿಟ್ಟೆ. ಮೊದಲ ಸಾಲಿನಲ್ಲಿ, ನಟ್ಟನಡುವಿನ ಕುರ್ಚಿಯಲ್ಲಿ, ಅಮ್ಮ. ಕೈ ಮಡಿಲಲ್ಲಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದಾಳೆ, ಕಣ್ಣು ಮಿಟುಕಿಸದೆ. ಎಷ್ಟು ಹತ್ತಿರವೆಂದರೆ ಪಿಸುಗುಟ್ಟಿದರೂ ಕೇಳಿಸೀತು. ಆದರೆ ಬಾಯಿ ಬಿಡಬಾರದು. ಮುಖ ತೋರಿಸಬಾರದು.

ಮೇಷ್ಟ್ರು ಮೂರನೆಯ ಸಲ ಪ್ರಾರ್ಥನೆ ಎತ್ತಿಕೊಂಡರು. ಹಿಂದಿನ ಸಾಲಿನಿಂದ ಯಾರೋ ಶಿಳ್ಳೆ ಹಾಕಿದರು. ಅಮ್ಮ ಹಿಂದಕ್ಕೆ ತಿರುಗಿ ಅವರನ್ನು ಗದರಿಸಿ, ಮತ್ತೆ ಪರದೆಯ ಕಡೆಗೆ ತಿರುಗಿದಳು.

ಕಾರ್ಡಿನಲ್ಲಿ ಇನ್ನೂ ಹಸಿರು ಇರಲಿಲ್ಲ. ಕೆಳಗೆ ಇನ್ನೊಂದು ಸಾಲು ಬರೆದೆ. ಸೊಂಟದಲ್ಲಿ ಇನ್ನೊಂದು ‘ಟಿಂಗ್’.

‘ಅಮ್ಮ, ಪರದೆ ಎತ್ತಲಾ?’